ಜೀವವಿಜ್ಞಾನ ಸಂಶೋಧನೆಗೆ ಎಐ: ಪ್ರಶ್ನೆಯಿಂದ ಪ್ರಯೋಗದ ಮೇಜಿನವರೆಗೆ

ಪ್ರೋಟೀನ್ ಎಂಬ ಅಮೈನೋ ಆಮ್ಲಗಳ ಸರಪಳಿ ಯಾವ ಆಕಾರಕ್ಕೆ ಮಡಚಿಕೊಳ್ಳುತ್ತದೆ ಎಂಬುದನ್ನು ಬರೀ ಅದರ ಅನುಕ್ರಮ ನೋಡಿ ಹೇಳಬಹುದೇ? ಜೀವವಿಜ್ಞಾನಿಗಳನ್ನು ಸುಮಾರು ಐವತ್ತು ವರ್ಷ ಕಾಡಿದ ಪ್ರಶ್ನೆ ಇದು. 2020ರ ಕೊನೆಯಲ್ಲಿ ಡೀಪ್‌ಮೈಂಡ್ ಸಂಸ್ಥೆಯ ಆಲ್ಫಾಫೋಲ್ಡ್ 2 ಎಂಬ ಎಐ ಮಾಡೆಲ್ (ಡೇಟಾದಿಂದ ಕಲಿತು ಊಹೆ ಮಾಡುವ ಪ್ರೋಗ್ರಾಂ) ಬಹಳಷ್ಟು ಪ್ರೋಟೀನ್‌ಗಳ ಮಟ್ಟಿಗೆ ಹೇಳಬಹುದು ಎಂದು ತೋರಿಸಿಕೊಟ್ಟಿತು. 2024ರ ರಸಾಯನವಿಜ್ಞಾನ ನೊಬೆಲ್‌ನ ಅರ್ಧಭಾಗ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಸಂದದ್ದು ಈ ಕೆಲಸಕ್ಕೆ. ಉಳಿದರ್ಧ ಹೊಸ ಪ್ರೋಟೀನ್‌ಗಳನ್ನೇ ವಿನ್ಯಾಸ ಮಾಡಿದ ಡೇವಿಡ್ ಬೇಕರ್ ಅವರಿಗೆ ಹೋಯಿತು.

ಈ ಗೆಲುವನ್ನು ವಿವರಿಸುವಾಗ ಎರಡು ಸಂಗತಿಗಳು ಹಿಂದೆ ಸರಿದುಬಿಡುತ್ತವೆ. ಮೊದಲನೆಯದು, 1971ರಲ್ಲಿ ಶುರುವಾದ ಪ್ರೋಟೀನ್ ಡೇಟಾ ಬ್ಯಾಂಕ್. ಪ್ರಪಂಚದ ನಾನಾ ಪ್ರಯೋಗಾಲಯಗಳವರು ಕಷ್ಟಪಟ್ಟು ಬಿಡಿಸಿದ ರಚನೆಗಳನ್ನು ದಶಕಗಳ ಕಾಲ ಒಂದೇ ಕಡೆ, ಒಂದೇ ಕ್ರಮದಲ್ಲಿ, ಎಲ್ಲರಿಗೂ ತೆರೆದಿಟ್ಟರು. ಎರಡನೆಯದು, 1994ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಕ್ಯಾಸ್ಪ್ ಸ್ಪರ್ಧೆ. ಅಲ್ಲಿ ಇನ್ನೂ ಪ್ರಕಟವಾಗದ ರಚನೆಗಳನ್ನು ಊಹಿಸಬೇಕು. ಉತ್ತರ ಸ್ಪರ್ಧಿಗಳ ಕಣ್ಣಿಗೆ ಬೀಳುವ ದಾರಿಯೇ ಇಲ್ಲ. ಆಲ್ಫಾಫೋಲ್ಡ್ ಬರುವ ಹೊತ್ತಿಗೆ ಇವೆರಡೂ ಸಿದ್ಧವಾಗಿದ್ದವು. ನಿಮ್ಮ ಸಂಶೋಧನೆಯಲ್ಲಿ ಎಐ ಕೈಹಿಡಿಯುತ್ತದೋ ಕೈಕೊಡುತ್ತದೋ ಎಂಬುದೂ ಇವೆರಡರ ಮೇಲೇ ನಿಂತಿದೆ: ನಂಬಬಹುದಾದ ಡೇಟಾ, ಮತ್ತು ಮಾಡೆಲ್ ತಪ್ಪಿದಾಗ ತಪ್ಪಿದೆ ಎಂದು ಮುಲಾಜಿಲ್ಲದೆ ಹೇಳುವ ಪರೀಕ್ಷೆ. ಮಾಡೆಲ್ ಯಾವುದು ಎಂಬ ಚರ್ಚೆ ಆಮೇಲಿನದು.

ಪ್ರಯೋಗಾಲಯದ ಕೆಲಸ ಗೊತ್ತಿದ್ದು, ಎಐ ಕಡೆಗೆ ಈಗಷ್ಟೇ ಹೊರಳುತ್ತಿರುವ ವಿದ್ಯಾರ್ಥಿಗಳನ್ನೂ ಸಂಶೋಧಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಹಂತಗಳನ್ನು ಬರೆದಿದ್ದೇನೆ.

ಹಂತ 1: ಪ್ರಶ್ನೆಯನ್ನು ಒಂದು ವಾಕ್ಯಕ್ಕೆ ಇಳಿಸಿ

"ಕ್ಯಾನ್ಸರ್ ಅಧ್ಯಯನದಲ್ಲಿ ಎಐ ಬಳಸಬೇಕು" ಎಂಬುದು ಆಸೆ. "ಈ ಸೂಕ್ಷ್ಮದರ್ಶಕ ಚಿತ್ರ ಕೊಟ್ಟರೆ ವಿಭಜನೆಯಾಗುತ್ತಿರುವ ಜೀವಕೋಶಗಳನ್ನು ಎಣಿಸಿ ಕೊಡಬೇಕು" ಎಂಬುದು ಪ್ರಶ್ನೆ. ಮಾಡೆಲ್‌ಗೆ ಏನು ಕೊಡುತ್ತೀರಿ, ಅದರಿಂದ ಏನು ಬರಬೇಕು, ಬಂದ ಉತ್ತರ ಹಿಡಿದು ಮರುದಿನ ಏನು ಮಾಡುತ್ತೀರಿ, ಈ ಮೂರೂ ಆ ವಾಕ್ಯದಲ್ಲಿ ಕಾಣಬೇಕು. ಮೂರನೆಯದಕ್ಕೆ ಉತ್ತರ ಹೊಳೆಯದಿದ್ದರೆ ಅಲ್ಲೇ ನಿಲ್ಲಿ. ಉತ್ತರ ಬಂದರೂ ಬಾರದಿದ್ದರೂ ನಿಮ್ಮ ಮುಂದಿನ ಪ್ರಯೋಗ ಬದಲಾಗುವುದಿಲ್ಲ ಎಂದಾದರೆ ಅಷ್ಟು ಶ್ರಮಕ್ಕೆ ಅರ್ಥವಿಲ್ಲ.

ಚಿತ್ರದಲ್ಲಿ ಜೀವಕೋಶಗಳ ಗಡಿ ಗುರುತಿಸುವುದು, ಪ್ರಾಣಿಗಳ ಚಲನೆಯನ್ನು ವಿಡಿಯೋದಿಂದ ಅಳೆಯುವುದು, ಯಂತ್ರ ಓದಿಕೊಟ್ಟ ಡಿಎನ್ಎ ತುಣುಕುಗಳಲ್ಲಿ ನಿಜವಾದ ವ್ಯತ್ಯಾಸವನ್ನೂ ಯಂತ್ರದ ದೋಷವನ್ನೂ ಬೇರ್ಪಡಿಸುವುದು, ಸಾವಿರಾರು ಅಣುಗಳಲ್ಲಿ ಮೊದಲು ಪರೀಕ್ಷಿಸಬೇಕಾದ ಕೆಲವನ್ನು ಆರಿಸುವುದು ಇವೆಲ್ಲ ಎಐಗೆ ಒಗ್ಗುವ ಕೆಲಸಗಳು. ಇಪ್ಪತ್ತು ರೋಗಿಗಳ ಮಾದರಿ, ಒಬ್ಬೊಬ್ಬರಿಗೂ ಇಪ್ಪತ್ತು ಸಾವಿರ ಜೀನ್‌ಗಳ ಅಳತೆ ಇಟ್ಟುಕೊಂಡು ರೋಗದ ಮುನ್ಸೂಚನೆ ಹೇಳಿಸಲು ಹೊರಡುವುದು ಒಗ್ಗದ ಕೆಲಸ. ಅಷ್ಟು ಕಡಿಮೆ ಜನರಲ್ಲಿ ಅಷ್ಟು ಅಳತೆಗಳಿದ್ದಾಗ ಯಾವುದೋ ಒಂದಿಷ್ಟು ಜೀನ್‌ಗಳು ಆಕಸ್ಮಿಕವಾಗಿಯೇ ರೋಗದ ಜೊತೆ ಹೊಂದಿಕೊಂಡುಬಿಡುತ್ತವೆ. ಮಾಡೆಲ್ ಅವನ್ನೇ ಹಿಡಿದುಕೊಳ್ಳುತ್ತದೆ.

ಹಂತ 2: ಈಗಾಗಲೇ ಇರುವುದನ್ನು ಬಳಸಿ, ಆದರೆ ಓದಲು ಕಲಿತು ಬಳಸಿ

ಹೊಸಬರು ತಮ್ಮದೇ ಮಾಡೆಲ್ ತಯಾರಿಸಬೇಕೆಂದು ಹೊರಡುತ್ತಾರೆ. ಹೆಚ್ಚಿನ ಸಲ ಅದರ ಅಗತ್ಯವಿರುವುದಿಲ್ಲ. ಜೀವಕೋಶಗಳ ಗಡಿ ಗುರುತಿಸಲು ಸೆಲ್‌ಪೋಸ್ ಮತ್ತು ಸ್ಟಾರ್‌ಡಿಸ್ಟ್ ಇವೆ. ಪ್ರಾಣಿಗಳ ಭಂಗಿ ಹಿಡಿಯಲು 2018ರಿಂದಲೇ ಡೀಪ್‌ಲ್ಯಾಬ್‌ಕಟ್ ಇದೆ. ಡಿಎನ್ಎ ವ್ಯತ್ಯಾಸಗಳಿಗೆ ಡೀಪ್‌ವೇರಿಯಂಟ್ ಇದೆ. ಪ್ರೋಟೀನ್ ಅನುಕ್ರಮವನ್ನು ಮಾಡೆಲ್‌ಗೆ ಅರ್ಥವಾಗುವ ಸಂಖ್ಯೆಗಳ ಸಾಲಾಗಿ ಬದಲಿಸಲು ಇಎಸ್ಎಂ-2 ಇದೆ. ಅದರ ಚಿಕ್ಕ ಆವೃತ್ತಿಗಳು ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತವೆ. ಇವೆಲ್ಲ ಉಚಿತ. ನಿಮ್ಮದೇ ಹತ್ತಾರು ಚಿತ್ರಗಳನ್ನು ಕೈಯಾರೆ ಗುರುತು ಹಾಕಿ ಸೆಲ್‌ಪೋಸ್‌ಗೆ ಮರುತರಬೇತಿ ಕೊಟ್ಟರೆ ಬರುವ ಫಲಿತಾಂಶ, ಸೊನ್ನೆಯಿಂದ ಕಟ್ಟಿದ ಮಾಡೆಲ್‌ನಿಂದ ಬರುವುದು ಕಷ್ಟ.

ಪ್ರೋಟೀನ್ ರಚನೆ ಬೇಕಿದ್ದರೆ ಮೊದಲು ಆಲ್ಫಾಫೋಲ್ಡ್ ಡೇಟಾಬೇಸ್ ನೋಡಿ. 2022ರಲ್ಲೇ ಅದರಲ್ಲಿ 20 ಕೋಟಿಗೂ ಹೆಚ್ಚು ಪ್ರೋಟೀನ್‌ಗಳ ಊಹಿತ ರಚನೆಗಳಿದ್ದವು. ನಿಮ್ಮ ಪ್ರೋಟೀನ್ ಅಲ್ಲಿಲ್ಲದಿದ್ದರೆ ಕೊಲಾಬ್‌ಫೋಲ್ಡ್ ಮೂಲಕ ಬ್ರೌಸರ್‌ನಲ್ಲೇ ಊಹೆ ಮಾಡಿಸಬಹುದು.

ಪರದೆಯ ಮೇಲೆ ತಿರುಗುವ ಆ ಬಣ್ಣದ ಚಿತ್ರ ಎಷ್ಟು ಚಂದವೆಂದರೆ ಅದು ಅಳತೆಯಲ್ಲ, ಊಹೆ ಎಂಬುದೇ ಮರೆತುಹೋಗುತ್ತದೆ. ಬಣ್ಣಗಳನ್ನು ಮೊದಲು ಓದಿ. ಪ್ರತಿ ಅಮೈನೋ ಆಮ್ಲಕ್ಕೂ ಪಿಎಲ್‌ಡಿಡಿಟಿ ಎಂಬ ವಿಶ್ವಾಸಾಂಕ 0ರಿಂದ 100ರವರೆಗೆ ಇರುತ್ತದೆ. 90ಕ್ಕಿಂತ ಹೆಚ್ಚಿದ್ದರೆ ತುಂಬ ಭರವಸೆಯದು. 70ರಿಂದ 90 ಇದ್ದರೆ ಸರಪಳಿಯ ಬೆನ್ನೆಲುಬು ಸಾಮಾನ್ಯವಾಗಿ ಸರಿ ಇರುತ್ತದೆ. 50ಕ್ಕಿಂತ ಕೆಳಗಿನ ಭಾಗಕ್ಕೆ ಆಕಾರವಿದೆ ಎಂದೇ ಭಾವಿಸಬೇಡಿ. ಅಂಥ ಕಡೆಗಳಲ್ಲಿ ಪ್ರೋಟೀನ್ ನಿಜಕ್ಕೂ ನಿಶ್ಚಿತ ಆಕಾರವಿಲ್ಲದೆ ತೂಗಾಡುತ್ತಿರುವ ಸಾಧ್ಯತೆ ಹೆಚ್ಚು. ಎರಡು ಭಾಗಗಳೂ ಒಳ್ಳೆಯ ಅಂಕ ಪಡೆದಿದ್ದರೂ ಒಂದಕ್ಕೊಂದು ಯಾವ ಕೋನದಲ್ಲಿವೆ ಎಂಬುದು ಖಚಿತವಿರಬೇಕೆಂದಿಲ್ಲ. ಅದನ್ನು ತಿಳಿಯಲು ಪಿಎಇ ಎಂಬ ಚೌಕದ ನಕ್ಷೆ ನೋಡಬೇಕು. ಈ ನಕ್ಷೆ ನೋಡದೆ ಎರಡು ಭಾಗಗಳ ನಡುವಿನ ಸಂದಿಯಲ್ಲಿ ಔಷಧಿ ಕೂರಿಸಲು ಹೊರಡುವುದು ಬಹಳ ಜನ ಬೀಳುವ ಹಳ್ಳ.

ಇನ್ನೆರಡು ಮಿತಿಗಳಿವೆ. ಆಲ್ಫಾಫೋಲ್ಡ್ 2 ಸಾಮಾನ್ಯವಾಗಿ ಒಂದೇ ಭಂಗಿ ಕೊಡುತ್ತದೆ. ಪ್ರೋಟೀನ್ ಕೆಲಸ ಮಾಡುವಾಗ ಹಲವು ಭಂಗಿ ತಳೆಯುತ್ತದೆ. ಒಂದೇ ಒಂದು ಅಮೈನೋ ಆಮ್ಲ ಬದಲಾದಾಗ ಪ್ರೋಟೀನ್ ಕುಸಿಯುತ್ತದೋ ಇಲ್ಲವೋ ಎಂಬುದನ್ನೂ ಅದರ ಚಿತ್ರದಿಂದ ಓದಲಾಗದು. ರೂಪಾಂತರಗೊಂಡ ಅನುಕ್ರಮ ಕೊಟ್ಟರೂ ಹೆಚ್ಚಾಗಿ ಮೊದಲಿನಂಥದೇ ಆಕಾರ ತೋರಿಸುತ್ತದೆ. 2024ರಲ್ಲಿ ಬಂದ ಆಲ್ಫಾಫೋಲ್ಡ್ 3 ಡಿಎನ್ಎ, ಆರ್‌ಎನ್ಎ ಮತ್ತು ಸಣ್ಣ ಅಣುಗಳ ಜೊತೆಗಿನ ಜೋಡಣೆಯನ್ನೂ ಊಹಿಸುತ್ತದೆ. ಅಲ್ಲೂ ವಿಶ್ವಾಸಾಂಕ ಓದುವ ಶಿಸ್ತು ಬಿಡುವಂತಿಲ್ಲ.

ಹಂತ 3: ಡೇಟಾದ ಜಾತಕ ಬರೆದಿಡಿ

ಮಾಡೆಲ್‌ಗೆ ನಿಮ್ಮ ಉದ್ದೇಶ ತಿಳಿಯದು. ಅಂಕ ಹೆಚ್ಚಿಸುವ ಯಾವ ಸುಳುಹು ಸಿಕ್ಕರೂ ಹಿಡಿಯುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎದೆಯ ಎಕ್ಸ್‌ರೇ ನೋಡಿ ನ್ಯುಮೋನಿಯಾ ಗುರುತಿಸಲು ಕಲಿತ ಮಾಡೆಲ್‌ಗಳು ಬೇರೆ ಆಸ್ಪತ್ರೆಯ ಚಿತ್ರಗಳಲ್ಲಿ ಎಡವಿದವು. ಕಾರಣ ಹುಡುಕಿದಾಗ, ಚಿತ್ರ ಯಾವ ಆಸ್ಪತ್ರೆಯದೆಂದು ಅಂಥ ಮಾಡೆಲ್ ಹೆಚ್ಚೂಕಡಿಮೆ ತಪ್ಪಿಲ್ಲದೆ ಹೇಳಬಲ್ಲದು ಎಂದು ಕಂಡುಬಂತು. ಒಂದು ಆಸ್ಪತ್ರೆಯಲ್ಲಿ ನ್ಯುಮೋನಿಯಾ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಆಸ್ಪತ್ರೆ ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆ.

ಕೋವಿಡ್ ಕಾಲದಲ್ಲಿ ಇದೇ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಎಕ್ಸ್‌ರೇ ಮತ್ತು ಸಿಟಿ ಚಿತ್ರಗಳಿಂದ ಕೋವಿಡ್ ಪತ್ತೆಹಚ್ಚುವ ಮಾಡೆಲ್‌ಗಳನ್ನು 2021ರಲ್ಲಿ ವಿಮರ್ಶಿಸಿದ ತಂಡ, ಗುಣಮಟ್ಟದ ಜರಡಿಯಲ್ಲಿ ಉಳಿದ 62 ಲೇಖನಗಳನ್ನು ಕೂಲಂಕಷವಾಗಿ ನೋಡಿ, ಚಿಕಿತ್ಸೆಗೆ ಬಳಸಬಹುದಾದದ್ದು ಒಂದೂ ಇಲ್ಲ ಎಂಬ ತೀರ್ಮಾನಕ್ಕೆ ಬಂತು. ಕೆಲವರು ಕೋವಿಡ್ ಇಲ್ಲದವರ ಗುಂಪಿಗೆ ಮಕ್ಕಳ ಎಕ್ಸ್‌ರೇ ಬಳಸಿದ್ದರು. ಹಾಗೆ ಮಾಡಿದರೆ ಮಾಡೆಲ್ ಕಲಿಯುವುದು ಮಗುವನ್ನೂ ದೊಡ್ಡವರನ್ನೂ ಬೇರೆ ಮಾಡುವುದನ್ನು.

ಆದ್ದರಿಂದ ಪ್ರತಿ ಮಾದರಿಗೂ ಅದು ಬಂದ ದಿನ, ಯಂತ್ರ, ಪ್ಲೇಟ್ ಸಂಖ್ಯೆ, ರಾಸಾಯನಿಕದ ಬ್ಯಾಚ್, ಕೆಲಸ ಮಾಡಿದವರ ಗುರುತು, ಲೇಬಲ್ (ಮಾಡೆಲ್‌ಗೆ ಕಲಿಸುವ ಸರಿ ಉತ್ತರ) ಹಾಕಿದವರ ಗುರುತು ಇವೆಲ್ಲವನ್ನೂ ಕೋಷ್ಟಕದಲ್ಲಿ ಬರೆದಿಡಿ. ಆಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿ: ಇದೇ ಡೇಟಾದಿಂದ ಬ್ಯಾಚ್ ಯಾವುದೆಂದು ಊಹಿಸಲು ಮಾಡೆಲ್‌ಗೆ ಹೇಳಿ. ಅದು ಸುಲಭವಾಗಿ ಹೇಳಿದರೆ, ಮತ್ತು ನಿಮ್ಮ ರೋಗಿಗಳೆಲ್ಲ ಒಂದು ಬ್ಯಾಚ್‌ನಲ್ಲಿ, ಆರೋಗ್ಯವಂತರೆಲ್ಲ ಇನ್ನೊಂದರಲ್ಲಿ ಇದ್ದರೆ, ಯಾವ ಲೆಕ್ಕಾಚಾರವೂ ಆ ಡೇಟಾವನ್ನು ಉಳಿಸಲಾರದು. ಎರಡೂ ಗುಂಪಿನವರನ್ನು ಪ್ರತಿ ಬ್ಯಾಚ್‌ನಲ್ಲೂ ಬೆರೆಸಿ ಪ್ರಯೋಗವನ್ನೇ ಮತ್ತೆ ಮಾಡಬೇಕು. ಲೇಬಲ್‌ಗಳ ವಿಷಯದಲ್ಲೂ ಇಬ್ಬರು ಬೇರೆ ಬೇರೆಯಾಗಿ ಗುರುತು ಹಾಕಿ ಎಷ್ಟು ಹೊಂದುತ್ತದೆ ನೋಡಿ. ಅನುಭವಿಗಳಿಬ್ಬರೇ ಒಪ್ಪದ ಕಡೆ ಮಾಡೆಲ್‌ನ ಅಂಕಕ್ಕೆ ಬೆಲೆ ಬರುವುದಿಲ್ಲ.

ಎಕ್ಸೆಲ್ ಬಳಸುವವರು ಇದನ್ನೂ ಗಮನಿಸಿ. ಸೆಪ್ಟ್1, ಮಾರ್ಚ್1 ಎಂಬಂಥ ಜೀನ್ ಹೆಸರುಗಳನ್ನು ಅದು ದಿನಾಂಕಗಳಾಗಿ ಬದಲಿಸಿಬಿಡುತ್ತದೆ. ಎಕ್ಸೆಲ್ ಜೀನ್ ಪಟ್ಟಿಗಳಿದ್ದ ಲೇಖನಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಈ ಬಗೆಯ ದೋಷವಿದೆ ಎಂದು 2016ರ ಸಮೀಕ್ಷೆ ತೋರಿಸಿತು. ಕೊನೆಗೆ 2020ರಲ್ಲಿ ಮಾನವ ಜೀನ್ ನಾಮಕರಣ ಸಮಿತಿ ಇಂಥ ಜೀನ್‌ಗಳ ಹೆಸರನ್ನೇ ಬದಲಿಸುವ ನಿಯಮ ತಂದಿತು. ಹಳೆಯ ಕಡತಗಳಲ್ಲಿ ದೋಷ ಹಾಗೇ ಇದೆ.

ಹಂತ 4: ಪರೀಕ್ಷೆಯ ಡೇಟಾವನ್ನು ಮೊದಲೇ ಬೀಗ ಹಾಕಿಡಿ

ಇಡೀ ಲೇಖನದಲ್ಲಿ ಒಂದೇ ಹಂತ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಮಾಡೆಲ್ ಕಲಿತ ಡೇಟಾದ ಮೇಲೆಯೇ ಅದನ್ನು ಪರೀಕ್ಷಿಸಬಾರದು ಎಂಬುದು ಎಲ್ಲರಿಗೂ ಗೊತ್ತು. ಪ್ರಶ್ನೆಪತ್ರಿಕೆ ಮೊದಲೇ ಸೋರಿದ ಪರೀಕ್ಷೆಯಲ್ಲಿ ಬಂದ ಅಂಕಕ್ಕೆ ಎಷ್ಟು ಬೆಲೆಯೋ ಅಂಥ ಪರೀಕ್ಷೆಗೂ ಅಷ್ಟೇ. ಆದರೆ ಜೀವವಿಜ್ಞಾನದಲ್ಲಿ ಸೋರಿಕೆ ಹಿಂಬಾಗಿಲಿನಿಂದ ಬರುತ್ತದೆ. ನೂರು ಮಾದರಿಗಳಲ್ಲಿ ಎಂಬತ್ತನ್ನು ತರಬೇತಿಗೆ, ಇಪ್ಪತ್ತನ್ನು ಪರೀಕ್ಷೆಗೆ ಎಂದು ಯಾದೃಚ್ಛಿಕವಾಗಿ ಎತ್ತಿಟ್ಟರೆ ಸಾಲದು. ಏಕೆಂದರೆ ಇಲ್ಲಿ ಮಾದರಿಗಳ ನಡುವೆ ನಂಟಿರುತ್ತದೆ.

ಪ್ರೋಟೀನ್‌ಗಳಿಗೆ ವಂಶವಿದೆ. ತರಬೇತಿಯಲ್ಲಿ ಒಂದು ಪ್ರೋಟೀನ್ ಇದ್ದು, ಶೇ 95ರಷ್ಟು ಅದನ್ನೇ ಹೋಲುವ ದಾಯಾದಿ ಪರೀಕ್ಷೆಯಲ್ಲಿದ್ದರೆ ಮಾಡೆಲ್ ಏನನ್ನೂ ಕಲಿಯದೆ ನೆನಪಿನಿಂದಲೇ ಉತ್ತರಿಸುತ್ತದೆ. ಇದಕ್ಕೆ ಸಿಡಿ-ಹಿಟ್ ಅಥವಾ ಎಂಎಂಸೀಕ್ಸ್2 ಎಂಬ ತಂತ್ರಾಂಶ ಬಳಸಿ ಮೊದಲು ಅನುಕ್ರಮಗಳನ್ನು ಹೋಲಿಕೆಯ ಮೇಲೆ ಗುಂಪು ಮಾಡಿ; ಶೇ 30ರ ಹೋಲಿಕೆಯ ಗಡಿ ಅನೇಕರು ಅನುಸರಿಸುವಂಥದು. ಆಮೇಲೆ ಇಡೀ ಗುಂಪನ್ನೇ ಆ ಕಡೆಗೋ ಈ ಕಡೆಗೋ ಹಾಕಿ. ಚಿತ್ರಗಳಾದರೆ ಒಬ್ಬ ರೋಗಿಯ ಎಲ್ಲ ಚಿತ್ರಗಳೂ ಒಂದೇ ಕಡೆ ಇರಬೇಕು. ಒಂದೇ ಅಂಗಾಂಶದ ಚೂರಿನಿಂದ ಕತ್ತರಿಸಿದ ತುಣುಕುಗಳು ಎರಡೂ ಕಡೆ ಹಂಚಿಹೋದರೆ ಅಂಕ ಗಗನಕ್ಕೇರುತ್ತದೆ, ಹೊಸ ರೋಗಿ ಬಂದ ದಿನ ನೆಲಕ್ಕೆ ಬೀಳುತ್ತದೆ. ಅಣುಗಳಾದರೆ ಮೂಲ ಚೌಕಟ್ಟು ಒಂದೇ ಇರುವವನ್ನು ಒಟ್ಟಿಗಿಡಿ. ಪ್ರಯೋಗಗಳಾದರೆ ಪ್ಲೇಟ್ ಅಥವಾ ದಿನದ ಲೆಕ್ಕದಲ್ಲಿ ಬೇರ್ಪಡಿಸಿ.

ಇನ್ನೊಂದು ಹಿಂಬಾಗಿಲು ಸಿದ್ಧತೆಯ ಕೆಲಸಗಳದ್ದು. ಇಡೀ ಡೇಟಾ ನೋಡಿ "ಮುಖ್ಯವಾದ ಐವತ್ತು ಜೀನ್‌ಗಳು" ಎಂದು ಆರಿಸಿಕೊಂಡು ಆಮೇಲೆ ಭಾಗ ಮಾಡಿದರೆ ಪರೀಕ್ಷೆಯ ಉತ್ತರ ಆ ಆಯ್ಕೆಯೊಳಗೆ ಆಗಲೇ ಸೇರಿಹೋಗಿರುತ್ತದೆ. ಜೀನ್ ಆಯ್ಕೆ, ಸರಾಸರಿ ತೆಗೆಯುವುದು, ಖಾಲಿ ಜಾಗ ತುಂಬುವುದು ಎಲ್ಲವೂ ತರಬೇತಿ ಭಾಗದಲ್ಲಿ ಮಾತ್ರ ನಡೆಯಬೇಕು. ಅಲ್ಲಿ ಸಿಕ್ಕ ಸಂಖ್ಯೆಗಳನ್ನು ಪರೀಕ್ಷೆಯ ಭಾಗಕ್ಕೆ ಅನ್ವಯಿಸಬೇಕು. ಇದು ಅಪರೂಪದ ತಪ್ಪೇನಲ್ಲ. ಸಯಾಶ್ ಕಪೂರ್ ಮತ್ತು ಅರವಿಂದ್ ನಾರಾಯಣನ್ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಡೇಟಾ ಸೋರಿಕೆಯ ದೋಷ 17 ಕ್ಷೇತ್ರಗಳ 294 ಲೇಖನಗಳನ್ನು ತಟ್ಟಿತ್ತು.

ಪರೀಕ್ಷೆಯ ಭಾಗವನ್ನು ಬೇರೊಬ್ಬ ಸಹೋದ್ಯೋಗಿಯ ಕೈಗೆ ಕೊಟ್ಟುಬಿಡುವುದು ನನಗೆ ಬಹಳ ಇಷ್ಟವಾದ ಪದ್ಧತಿ. ನೀವು ಊಹೆಗಳನ್ನು ಕಳಿಸುತ್ತೀರಿ, ಅವರು ಅಂಕ ಹೇಳುತ್ತಾರೆ. ಅಂಕ ಕಡಿಮೆ ಬಂತೆಂದು ಮಾಡೆಲ್ ತಿದ್ದಿ ಮತ್ತೆ ಮತ್ತೆ ಅದೇ ಪರೀಕ್ಷೆಗೆ ಕೂರಿಸಿದರೆ ಆ ಪರೀಕ್ಷೆಯೂ ತರಬೇತಿಯಾಗಿಬಿಡುತ್ತದೆ. ಕೈಗೆಟುಕದಿದ್ದರೆ ಆ ಆಸೆ ಹುಟ್ಟುವುದಿಲ್ಲ.

ಹಂತ 5: ಸರಳ ವಿಧಾನವನ್ನು ಮೊದಲು ಓಡಿಸಿ

ಲಾಜಿಸ್ಟಿಕ್ ರಿಗ್ರೆಶನ್, ರಾಂಡಮ್ ಫಾರೆಸ್ಟ್ ಎಂಬ ಹಳೆಯ, ಹಗುರ ಲೆಕ್ಕಾಚಾರದ ವಿಧಾನಗಳು, ಅಥವಾ "ಯಾವಾಗಲೂ ಸರಾಸರಿಯನ್ನೇ ಹೇಳು" ಎಂಬಷ್ಟು ಸರಳವಾದ ಊಹೆ. ಇವುಗಳ ಅಂಕ ಬರೆದಿಟ್ಟುಕೊಂಡ ಮೇಲೆ ದೊಡ್ಡ ಮಾಡೆಲ್‌ಗೆ ಹೋಗಿ. 2025ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ, ಜೀನ್ ಒಂದನ್ನು ಬದಲಿಸಿದರೆ ಜೀವಕೋಶದಲ್ಲಿ ಏನಾಗುತ್ತದೆ ಎಂದು ಊಹಿಸುವ ಕೆಲಸದಲ್ಲಿ ಕೋಟ್ಯಂತರ ಜೀವಕೋಶಗಳ ಡೇಟಾದಿಂದ ಕಲಿತ ಬೃಹತ್ ಮಾಡೆಲ್‌ಗಳೂ ಸರಳ ರೇಖೀಯ ವಿಧಾನಗಳನ್ನು ಮೀರಿಸಲಿಲ್ಲ. ನಿಮ್ಮ ಪ್ರಶ್ನೆಯಲ್ಲೂ ಹಾಗೇ ಆಗಬಹುದು. ಆಗ ಸರಳವಾದದ್ದನ್ನೇ ಇಟ್ಟುಕೊಳ್ಳಿ. ಅದು ಏಕೆ ಹಾಗೆ ಉತ್ತರಿಸಿತು ಎಂದು ವಿವರಿಸುವುದೂ ಸುಲಭ.

ಹಂತ 6: ಶೇಕಡಾ ಅಂಕಕ್ಕೆ ಮರುಳಾಗಬೇಡಿ

ಒಂದು ಲೆಕ್ಕ ಮಾಡೋಣ. ನಿಮ್ಮ ಸಂಗ್ರಹದಲ್ಲಿ 10,000 ಅಣುಗಳಿವೆ, ಅವುಗಳಲ್ಲಿ 100 ಮಾತ್ರ ಬ್ಯಾಕ್ಟೀರಿಯಾವನ್ನು ತಡೆಯಬಲ್ಲವು ಎಂದಿಟ್ಟುಕೊಳ್ಳಿ. ಮಾಡೆಲ್ ಒಳ್ಳೆಯವುಗಳಲ್ಲಿ ಶೇ 90ನ್ನು ಹಿಡಿಯುತ್ತದೆ, ಕೆಲಸಕ್ಕೆ ಬಾರದವುಗಳಲ್ಲಿ ಶೇ 95ನ್ನು ಸರಿಯಾಗಿ ಬಿಡುತ್ತದೆ. ಕೇಳಲು ಸೊಗಸಾಗಿದೆ. ಆದರೆ 90 ಒಳ್ಳೆಯ ಅಣುಗಳ ಜೊತೆಗೆ, ಕೆಲಸಕ್ಕೆ ಬಾರದ 9,900ರಲ್ಲಿ ಶೇ 5, ಅಂದರೆ 495 ಅಣುಗಳೂ ಆಯ್ಕೆಯಾಗಿ ಬರುತ್ತವೆ. ಒಟ್ಟು 585ರಲ್ಲಿ ನಿಜವಾದವು 90, ಅಂದರೆ ಸುಮಾರು ಶೇ 15. ಪ್ರಯೋಗಾಲಯದಲ್ಲಿ ಪ್ರತಿ ಆರೇಳರಲ್ಲಿ ಒಂದು ಫಲಿಸುತ್ತದೆ. ನೂರಕ್ಕೊಂದು ಹುಡುಕುವುದಕ್ಕಿಂತ ಇದು ಎಷ್ಟೋ ವಾಸಿ. ಆದರೆ ಶೇ 95 ಎಂಬ ಅಂಕಿ ನಂಬಿ ಹತ್ತೇ ಅಣು ತರಿಸಿ ಕೂತರೆ ನಿರಾಶೆಯಾಗುತ್ತದೆ.

ಇನ್ನು "ಯಾವುದೂ ತಡೆಯುವುದಿಲ್ಲ" ಎಂದು ಕಣ್ಣುಮುಚ್ಚಿ ಹೇಳುವ ಮಾಡೆಲ್‌ಗೂ ಇದೇ ಸಂಗ್ರಹದಲ್ಲಿ ಶೇ 99 ನಿಖರತೆ ಬರುತ್ತದೆ. ಹೀಗಾಗಿ ಅಪರೂಪದ್ದನ್ನು ಹುಡುಕುವ ಕೆಲಸದಲ್ಲಿ, ಆಯ್ಕೆಯಾದವುಗಳಲ್ಲಿ ನಿಜವಾದವು ಎಷ್ಟು ಎಂಬುದನ್ನೇ ಮುಖ್ಯ ಅಂಕಿಯಾಗಿ ಹೇಳಿ.

ಹಂತ 7: ಪ್ರಯೋಗಾಲಯಕ್ಕೆ ಒಯ್ಯಿರಿ, ಪಟ್ಟಿಯ ತಳವನ್ನೂ ಒಯ್ಯಿರಿ

ಹ್ಯಾಲಿಸಿನ್ ಎಂಬ ಪ್ರತಿಜೀವಕದ ಶೋಧ ಇಲ್ಲಿ ಒಳ್ಳೆಯ ಪಾಠ. 2020ರಲ್ಲಿ ಎಂಐಟಿಯ ಜೇಮ್ಸ್ ಕಾಲಿನ್ಸ್, ರೆಜಿನಾ ಬಾರ್ಜಿಲೇ ಮೊದಲಾದವರ ತಂಡ ಸುಮಾರು 2,300 ಅಣುಗಳನ್ನು ಇ. ಕೋಲಿ ಬ್ಯಾಕ್ಟೀರಿಯಾದ ಮೇಲೆ ಪರೀಕ್ಷಿಸಿ, ಆ ಫಲಿತಾಂಶದಿಂದ ಮಾಡೆಲ್‌ಗೆ ತರಬೇತಿ ಕೊಟ್ಟಿತು. ಆಮೇಲೆ ಸುಮಾರು 6,000 ಅಣುಗಳ ಬೇರೊಂದು ಸಂಗ್ರಹವನ್ನು ಅದರ ಮುಂದಿಟ್ಟಿತು. ಮೇಲಿನ ಸ್ಥಾನ ಪಡೆದ 99 ಅಣುಗಳನ್ನು ತರಿಸಿ ಪರೀಕ್ಷಿಸಿದಾಗ 51 ಬ್ಯಾಕ್ಟೀರಿಯಾದ ಬೆಳವಣಿಗೆ ತಡೆದವು. ತಂಡ ಅಷ್ಟಕ್ಕೆ ನಿಲ್ಲಲಿಲ್ಲ. ಪಟ್ಟಿಯ ತೀರಾ ಕೆಳಗಿನ 63 ಅಣುಗಳನ್ನೂ ಪರೀಕ್ಷಿಸಿತು, ತಡೆದದ್ದು ಎರಡೇ. ಈ ಎರಡನೇ ಸಂಖ್ಯೆ ಇಲ್ಲದಿದ್ದರೆ ಮೊದಲ ಸಂಖ್ಯೆಯನ್ನು ಹೇಗೆ ತೂಗುವುದು? ಮಧುಮೇಹಕ್ಕಾಗಿ ಹಿಂದೆ ಪರಿಶೀಲನೆಯಲ್ಲಿದ್ದ ಅಣುವೊಂದು ಹೊಸ ಬಗೆಯ ಪ್ರತಿಜೀವಕವಾಗಿ ಹೊರಬಂದು ಇಲಿಗಳಲ್ಲೂ ಕೆಲಸ ಮಾಡಿದ್ದು ಈ ದಾರಿಯಲ್ಲಿ.

ನೀವೂ ಹಾಗೇ ಮಾಡಿ. ಮಾಡೆಲ್ ಬೇಕೆಂದದ್ದು, ಬೇಡವೆಂದದ್ದು, ಕಣ್ಣುಮುಚ್ಚಿ ಎತ್ತಿದ್ದು ಮೂರನ್ನೂ ಬೆರೆಸಿ, ಸಂಖ್ಯೆ ಮಾತ್ರ ಬರೆದು, ಪ್ರಯೋಗ ಮಾಡುವವರಿಗೆ ಯಾವುದು ಯಾವುದೆಂದು ತಿಳಿಯದಂತೆ ಕೊಡಿ. ಬಂದ ಫಲಿತಾಂಶವನ್ನು ತರಬೇತಿಗೆ ಸೇರಿಸಿ ಇನ್ನೊಂದು ಸುತ್ತು ಹೋಗಿ. ಮಾಡೆಲ್‌ಗೆ ಹೆಚ್ಚು ಅನುಮಾನವಿರುವ ಅಣುಗಳನ್ನು ಎರಡನೇ ಸುತ್ತಿನಲ್ಲಿ ಪರೀಕ್ಷಿಸಿದರೆ ಅದು ಬೇಗ ಕಲಿಯುತ್ತದೆ.

ಹಂತ 8: ಚಾಟ್‌ಬಾಟ್‌ಗಳಿಂದ ಕೆಲಸ ತೆಗೆಯುವುದು

ಕೋಡ್ ಬರೆಸಲು, ಅರ್ಥವಾಗದ ವಿಧಾನವನ್ನು ವಿವರಿಸಿಕೊಳ್ಳಲು, ಕರಡು ತಿದ್ದಲು ಭಾಷಾ ಮಾಡೆಲ್‌ಗಳು ನಿಜಕ್ಕೂ ಉಪಯುಕ್ತ. ಆಕರಗಳ ವಿಷಯದಲ್ಲಿ ಮಾತ್ರ ಎಚ್ಚರ. ಇಲ್ಲದ ಲೇಖನವನ್ನು ಇರುವಂತೆ, ಸರಿಯಾದ ಪತ್ರಿಕೆಯ ಹೆಸರಿನ ಸಮೇತ ಕೊಡುವುದುಂಟು. ಪ್ರತಿ ಉಲ್ಲೇಖವನ್ನೂ ಪಬ್‌ಮೆಡ್‌ನಲ್ಲಿ ತೆರೆದು, ಲೇಖನ ಓದಿ, ಆ ಮಾತು ಅಲ್ಲಿದೆಯೇ ನೋಡಿ. ಬರೆಸಿದ ಕೋಡ್‌ಗೆ ಉತ್ತರ ನಿಮಗೆ ಮೊದಲೇ ಗೊತ್ತಿರುವ ಸಣ್ಣ ಡೇಟಾ ಕೊಟ್ಟು ಪರೀಕ್ಷಿಸಿ.

ರೋಗಿಗಳ ಮಾಹಿತಿಯನ್ನು ಸಾರ್ವಜನಿಕ ಚಾಟ್‌ಬಾಟ್‌ಗೆ ಹಾಕಬೇಡಿ, ಹೆಸರು ತೆಗೆದಿದ್ದರೂ ಕೂಡ. ಹೆಸರಿಲ್ಲದ ಜೀನೋಮ್ ಡೇಟಾದಿಂದ ಮನೆತನದ ಹೆಸರನ್ನೇ ಪತ್ತೆಹಚ್ಚಿ ವ್ಯಕ್ತಿಗಳನ್ನು ಗುರುತಿಸಬಹುದು ಎಂದು 2013ರಲ್ಲೇ ಸಂಶೋಧಕರು ತೋರಿಸಿದ್ದಾರೆ. ವಿಮರ್ಶೆಗೆ ಬಂದ ಬೇರೆಯವರ ಅಪ್ರಕಟಿತ ಲೇಖನ ಮತ್ತು ಅನುದಾನದ ಅರ್ಜಿಗಳಿಗೂ ಇದೇ ಮಾತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಅನುದಾನ ಅರ್ಜಿಗಳ ವಿಮರ್ಶೆಯಲ್ಲಿ ಇಂಥ ಎಐ ಬಳಕೆಯನ್ನು 2023ರಲ್ಲಿ ನಿಷೇಧಿಸಿದವು.

ಹಂತ 9: ಬರೆಯುವಾಗ

ಜೀವವಿಜ್ಞಾನದ ಎಐ ಲೇಖನಗಳಲ್ಲಿ ಏನೇನು ದಾಖಲಿಸಬೇಕು ಎಂಬುದಕ್ಕೆ 2021ರ ಡೋಮ್ ಶಿಫಾರಸುಗಳಿವೆ: ಡೇಟಾ, ತರಬೇತಿಯ ಹೊಂದಾಣಿಕೆ, ಮಾಡೆಲ್, ಮೌಲ್ಯಮಾಪನ. ಕರಡು ಮುಗಿದ ಮೇಲೆ ನೋಡುವುದಕ್ಕಿಂತ ಕೆಲಸ ಶುರುಮಾಡುವ ಮುಂಚೆ ಅವನ್ನು ಓದಿಕೊಳ್ಳುವುದು ಲೇಸು. ಬಳಸಿದ ಉಪಕರಣದ ಆವೃತ್ತಿ, ಡೇಟಾ ಇಳಿಸಿಕೊಂಡ ದಿನಾಂಕ, ಭಾಗ ಮಾಡಿದ ರೀತಿ, ಯಾದೃಚ್ಛಿಕ ಬೀಜಸಂಖ್ಯೆ (ಅದೇ ಆಯ್ಕೆ ಮತ್ತೆ ಬರುವಂತೆ ಕಂಪ್ಯೂಟರ್‌ಗೆ ಕೊಡುವ ಸಂಖ್ಯೆ) ಬರೆಯಿರಿ. ಯಾವ ಮಾದರಿ ತರಬೇತಿಗೆ, ಯಾವುದು ಪರೀಕ್ಷೆಗೆ ಎಂಬ ಪಟ್ಟಿಯನ್ನು ಕೋಡ್ ಜೊತೆಗೇ ಪ್ರಕಟಿಸಿ. ಎಐ ಉಪಕರಣವನ್ನು ಲೇಖಕರ ಪಟ್ಟಿಯಲ್ಲಿ ಸೇರಿಸಲು ಪ್ರಮುಖ ಪತ್ರಿಕೆಗಳು ಒಪ್ಪುವುದಿಲ್ಲ. ಎಲ್ಲಿ ಹೇಗೆ ಬಳಸಿದಿರಿ ಎಂದು ವಿಧಾನದ ಭಾಗದಲ್ಲಿ ಹೇಳಿ.

ಮಾಡೆಲ್ ಒಳ್ಳೆಯ ಅಂಕ ಕೊಟ್ಟು ಪ್ರಯೋಗದಲ್ಲಿ ಸೋತ ಉದಾಹರಣೆಗಳನ್ನು ಪೂರಕ ಕೋಷ್ಟಕದಲ್ಲಿ ಬಿಡದೆ ಕೊಡಿ. ಕೆಲಸ ಮಾಡದ ಅಣುಗಳು, ಬೆಳೆಯದ ಕೋಶಗಳು, ಮಡಚಿಕೊಳ್ಳದ ಪ್ರೋಟೀನ್‌ಗಳ ದಾಖಲೆ ಪ್ರಕಟವಾಗುವುದು ತೀರಾ ಕಡಿಮೆ. ಬೇಡವಾದದ್ದು ಹೇಗಿರುತ್ತದೆ ಎಂದು ಮಾಡೆಲ್‌ಗೆ ಕಲಿಸಲು ಇನ್ನೊಂದು ಪ್ರಯೋಗಾಲಯದವರು ಹುಡುಕುತ್ತಿರುವುದು ಅಂಥ ಕೋಷ್ಟಕಗಳನ್ನೇ.